ಎಸ್‌ಡಿಎಂಸಿ ಮತ್ತು ಪೋಷಕರ ಸಭೆ: ಮೇಷ್ಟ್ರಿಗೆ ಎಷ್ಟು ಗಂಟೆ ಉಳಿಯಿತು?

ಸರ್ಕಾರಿ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸಿದ ಕೂಡಲೇ ತಂದೆತಾಯಿಗೆ ಒಂದು ಹಕ್ಕು ತಾನಾಗಿಯೇ ಬರುತ್ತದೆ: ಆ ಶಾಲೆಯ ಎಸ್‌ಡಿಎಂಸಿಗೆ ಸದಸ್ಯರನ್ನು ಆರಿಸುವ, ತಾವೇ ಸದಸ್ಯರಾಗುವ ಹಕ್ಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಪೂರ್ತಿ ಹೆಸರನ್ನು ಊರಲ್ಲಿ ಯಾರೂ ಬಳಸುವುದಿಲ್ಲ. ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರಲ್ಲಿ ಕರ್ನಾಟಕ ಇದನ್ನು ಶುರುಮಾಡಿತು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ದೇಶಕ್ಕೆಲ್ಲ ಕಾನೂನಾಗುವ ಮೊದಲೇ ನಮ್ಮಲ್ಲಿ ಇದು ನಡೆಯುತ್ತಿತ್ತು. ಇಷ್ಟು ಹಳೆಯ ಸೇವೆಯೊಂದನ್ನು ಅದರ ಬಳಕೆದಾರರ ಕಣ್ಣಿನಿಂದ ತೂಗಿ ನೋಡಬೇಕು. ಬಳಕೆದಾರರು ಎಂದರೆ ಪೋಷಕರಷ್ಟೇ ಅಲ್ಲ, ಶಿಕ್ಷಕರೂ ಹೌದು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಾಗದದ ಮೇಲಿನ ರಚನೆಗೆ ಐದಕ್ಕೆ ನಾಲ್ಕೂವರೆ. ಹಣದ ಲೆಕ್ಕ ನೋಡುವ ಕೆಲಸಕ್ಕೆ ಮೂರು. ಪೋಷಕರ ಸಭೆಗೆ ಎರಡು. ಶಿಕ್ಷಕರಿಗೆ ಆಸರೆಯಾಗುವ ವಿಷಯದಲ್ಲಿ ಬಹಳಷ್ಟು ಕಡೆ ಒಂದೂವರೆ. ಈ ಕೊನೆಯ ಅಂಕವೇ ನನಗೆ ಮುಖ್ಯ, ಯಾಕೆಂದರೆ ಮಗುವಿನ ಕಲಿಕೆ ನಿಂತಿರುವುದು ಅದರ ಮೇಲೆ.

ಅಳತೆಗೋಲು ಯಾವುದು ಎಂಬುದನ್ನೂ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಬೋಧನೆ ಆಗಬೇಕು. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಕಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ ದಿನಕ್ಕೆ ಒಂದೇ ಒಂದು ಗಂಟೆಯನ್ನು ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಬ್ಯಾಂಕು, ನೀರಿನ ಮೋಟಾರು, ಗೈರಾದ ಮಕ್ಕಳ ಹುಡುಕಾಟ ಇವಕ್ಕೆ ಕಳೆದುಕೊಂಡರೆ 200 ದಿನಕ್ಕೆ 200 ಗಂಟೆ ಹೋಯಿತು. 800ರಲ್ಲಿ 200 ಅಂದರೆ ನಾಲ್ಕರಲ್ಲಿ ಒಂದು ಪಾಲು. ಎಸ್‌ಡಿಎಂಸಿ ಚೆನ್ನಾಗಿದೆಯೇ ಎಂದು ಕೇಳುವವರು ಬಣ್ಣ ಹೊಡೆದ ಗೋಡೆ, ಶಾಲಾ ವಾರ್ಷಿಕೋತ್ಸವದ ಶಾಮಿಯಾನ ನೋಡುವುದನ್ನು ಬಿಟ್ಟು, ಈ 200 ಗಂಟೆಯಲ್ಲಿ ಸಮಿತಿ ಎಷ್ಟನ್ನು ವಾಪಸ್ ಕೊಟ್ಟಿತು ಎಂದು ಕೇಳಬೇಕು.

ರಚನೆಗೆ ಹೆಚ್ಚು ಅಂಕ ಕೊಟ್ಟದ್ದಕ್ಕೆ ಕಾರಣವಿದೆ. ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಶಾಲೆಯ ಕೆಲಸ ನೋಡುವುದು, ಶಾಲಾಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ಪರಿಶೀಲಿಸುವುದು ಇದರ ಕೆಲಸ. ಎಷ್ಟೋ ಖಾಸಗಿ ಶಾಲೆಗಳಲ್ಲಿ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಪೋಷಕರಿಗೂ ಇಷ್ಟು ಅಧಿಕಾರವಿಲ್ಲ. ಅಲ್ಲಿನ ಪೋಷಕ-ಶಿಕ್ಷಕ ಸಭೆ ಬಹುಪಾಲು ಅಂಕಪಟ್ಟಿ ಕೊಟ್ಟು ಸಹಿ ಹಾಕಿಸಿಕೊಳ್ಳುವ ಶನಿವಾರ.

ಆದರೆ ಆಯ್ಕೆಯ ದಿನವೇ ಕೆಲವು ತಪ್ಪುಗಳು ನಡೆದುಹೋಗುತ್ತವೆ. ಮೊದಲನೆಯದು ಅಧ್ಯಕ್ಷರ ಮಗು ಯಾವ ತರಗತಿಯಲ್ಲಿದೆ ಎಂದು ನೋಡದಿರುವುದು. ಏಳನೇ ತರಗತಿಯ ಮಗುವಿನ ತಂದೆಯನ್ನು ಆರಿಸಿದರೆ ಮರುವರ್ಷ ಮಗು ಹೈಸ್ಕೂಲಿಗೆ ಹೋಗುತ್ತದೆ. ಮತ್ತೆ ಆಯ್ಕೆ, ಮತ್ತೆ ಠರಾವು, ಬ್ಯಾಂಕಿನಲ್ಲಿ ಸಹಿ ಬದಲಾವಣೆ. ಅಷ್ಟರಲ್ಲಿ ಅನುದಾನ ಬಂದು ಕೂತಿರುತ್ತದೆ, ತೆಗೆಯುವವರಿಲ್ಲ. ಎರಡನೇ ಅಥವಾ ಮೂರನೇ ತರಗತಿಯ ಮಗುವಿನ ತಾಯಿ ಅಧ್ಯಕ್ಷೆಯಾದರೆ ಸಮಿತಿಯ ಅವಧಿ ಮುಗಿಯುವವರೆಗೆ ಸಹಿ ಒಂದೇ ಇರುತ್ತದೆ. ಎರಡನೆಯ ತಪ್ಪು, ಪಂಚಾಯಿತಿ ಚುನಾವಣೆಯ ಬಣಗಳನ್ನು ಶಾಲೆಯ ಅಂಗಳಕ್ಕೆ ತರುವುದು. ಸೋತ ಬಣದವರ ಮಕ್ಕಳ ತಾಯಂದಿರು ಆಮೇಲೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಇದಕ್ಕೆ ಸರಳ ಮದ್ದು ತರಗತಿವಾರು ಆಯ್ಕೆ. ಒಂದನೇ ತರಗತಿಯ ಪೋಷಕರು ಒಂದು ಕೋಣೆಯಲ್ಲಿ ಕೂತು ತಮ್ಮವರನ್ನು ಹೆಸರಿಸಲಿ, ಎರಡನೆಯವರು ಇನ್ನೊಂದರಲ್ಲಿ. ಇಪ್ಪತ್ತು ಮಂದಿಯ ಕೋಣೆಯಲ್ಲಿ ಬಣದ ಜೋರು ಕಡಿಮೆ.

ಅರ್ಧ ಹೆಂಗಸರು ಎಂಬ ನಿಯಮ ಪುಸ್ತಕದಲ್ಲಿ ಪಾಲನೆಯಾಗಿರುತ್ತದೆ, ಸಭೆಯಲ್ಲಿ ಮಾತಾಡುವವರು ಗಂಡಂದಿರು. ಕುರ್ಚಿಯ ಸಾಲು ತೆಗೆದು ಎಲ್ಲರೂ ಜಮಖಾನದ ಮೇಲೆ ವೃತ್ತವಾಗಿ ಕೂತರೆ, ಮೊದಲ ಮಾತು ತಾಯಂದಿರದೇ ಎಂದು ಅಧ್ಯಕ್ಷರು ಕಟ್ಟುನಿಟ್ಟು ಮಾಡಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಸದಸ್ಯೆಯ ಬದಲು ಗಂಡ ಸಹಿ ಹಾಕಿದ ನಡಾವಳಿ ಲೆಕ್ಕಕ್ಕಿಲ್ಲ ಎಂದು ಮೊದಲ ಸಭೆಯಲ್ಲೇ ಓದಿ ಹೇಳಬೇಕು.

ಈಗ ಪೋಷಕರ ಸಭೆ. ಎರಡೇ ಅಂಕ ಯಾಕೆ?

ಸಾಮಾನ್ಯ ಸಭೆ ನಡೆಯುವ ಬಗೆ ಎಲ್ಲರಿಗೂ ಗೊತ್ತು. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಮುಖ್ಯ ಶಿಕ್ಷಕರ ಪ್ರಾಸ್ತಾವಿಕ, ಇಬ್ಬರು ಮುಖಂಡರ ಭಾಷಣ, ‘ಮಕ್ಕಳನ್ನು ದಿನಾ ಶಾಲೆಗೆ ಕಳಿಸಿ’ ಎಂಬ ಕರೆ, ವಂದನಾರ್ಪಣೆ, ಚಹಾ. ಒಂದೂಕಾಲು ಗಂಟೆ ಆಗುತ್ತದೆ. ಅಷ್ಟು ಹೊತ್ತಿಗೆ ಒಬ್ಬ ತಾಯಿಗೂ ತನ್ನ ಮಗಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಗೊತ್ತಾಗಿರುವುದಿಲ್ಲ. ಕೂಲಿ ಬಿಟ್ಟು ಬಂದವಳು ಮುಂದಿನ ಸಭೆಗೆ ಬರುವುದಿಲ್ಲ. ಆಮೇಲೆ ‘ನಮ್ಮ ಊರಿನ ಪೋಷಕರಿಗೆ ಆಸಕ್ತಿಯೇ ಇಲ್ಲ’ ಎಂದು ಶಾಲೆಯವರು ಹೇಳುತ್ತಾರೆ. ಆಸಕ್ತಿ ಇದ್ದದ್ದರಿಂದಲೇ ಅವಳು ಒಂದು ದಿನದ ಕೂಲಿ ಬಿಟ್ಟು ಬಂದಿದ್ದಳು.

ಸಭೆಯ ದಿನವನ್ನು ಊರಿನ ಕೆಲಸದ ಪಂಚಾಂಗ ನೋಡಿ ಇಡಬೇಕು. ಸೋಮವಾರ ಎತ್ತು ಹೂಡದ ಊರುಗಳು ನಮ್ಮಲ್ಲಿ ಇನ್ನೂ ಬಹಳ ಇವೆ, ಅಮಾವಾಸ್ಯೆಯಂದು ಹೊಲಕ್ಕೆ ಹೋಗದವರೂ ಇದ್ದಾರೆ. ಅಲ್ಲಿ ಆ ದಿನಗಳ ಇಳಿಹೊತ್ತು ಒಳ್ಳೆಯದು. ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಗಲು ಸಭೆ ಕರೆದರೆ ಯಾರೂ ಸಿಗುವುದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ದುಡಿಯಲು ಗುಳೆ ಹೋಗುವ ಮನೆಗಳಿದ್ದರೆ ಅವರು ಹೊರಡುವ ಮುಂಚೆ ಒಂದು ಸಭೆ ಆಗಲೇಬೇಕು, ಮಗುವನ್ನು ಅಜ್ಜಿ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಡುವ ಮಾತು ಅಲ್ಲೇ ಆಗಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಮಕ್ಕಳು ಓದುವ ಶಾಲೆಯಲ್ಲಿ ಭಾನುವಾರ ಬೆಳಗ್ಗೆ ಬಿಟ್ಟರೆ ಬೇರೆ ಹೊತ್ತಿಲ್ಲ. ಭಾನುವಾರ ಬಂದ ಶಿಕ್ಷಕರಿಗೆ ಬದಲಿ ರಜೆ ಕೊಡಿಸುವ ಪತ್ರವನ್ನು ಸಮಿತಿಯೇ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಬರೆಯಬೇಕು. ಅದನ್ನು ಶಿಕ್ಷಕರು ತಾವೇ ಕೇಳಿಕೊಳ್ಳುವಂತೆ ಬಿಡಬಾರದು.

ತಿಳಿಸುವ ವಿಧಾನದಲ್ಲೂ ಎಡವಟ್ಟು ಆಗುತ್ತದೆ. ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಸುಮ್ಮನಾದರೆ ಅದು ಅಪ್ಪನ ಫೋನಿನಲ್ಲಿ ಉಳಿಯುತ್ತದೆ, ಅಮ್ಮನಿಗೆ ತಲುಪುವುದಿಲ್ಲ. ಹೆಂಗಸರ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಹೇಳಿಸಿದ ಮಾತು ಮನೆಮನೆಗೆ ಹೋಗುತ್ತದೆ. ಮಗುವಿನ ಕೈಯಲ್ಲಿ ಚೀಟಿ ಕಳಿಸುವುದಾದರೆ ಅದರಲ್ಲಿ ‘ಸಭೆಗೆ ಬನ್ನಿ’ ಎಂದಷ್ಟೇ ಬರೆಯದೆ ‘ನಿಮ್ಮ ಹೊತ್ತು ಸಂಜೆ 5.20, ಮೂರನೇ ತರಗತಿ ಕೋಣೆ’ ಎಂದು ಬರೆಯಬೇಕು.

ಹೊತ್ತು ಹಂಚುವುದು ಲೆಕ್ಕದ ಮಾತು. ಒಂದು ಮಗುವಿಗೆ ಏಳು ನಿಮಿಷ ಬೇಕು. 30 ಮಕ್ಕಳ ತರಗತಿಗೆ 210 ನಿಮಿಷ, ಅಂದರೆ ಮೂರೂವರೆ ಗಂಟೆ. ಒಂದೇ ದಿನ ಮಾಡಹೊರಟರೆ ಕೊನೆಯ ಹತ್ತು ತಾಯಂದಿರಿಗೆ ಅರ್ಧ ನಿಮಿಷವೂ ಸಿಗುವುದಿಲ್ಲ, ಮೇಷ್ಟ್ರ ದನಿಯೂ ಬಿದ್ದುಹೋಗಿರುತ್ತದೆ. ದಿನಕ್ಕೆ ಹತ್ತು ಮಂದಿಯಂತೆ ಮೂರು ಸಂಜೆ, ತಲಾ 70 ನಿಮಿಷ. ಭಾಷಣದ ದೊಡ್ಡ ಸಭೆ ವರ್ಷಕ್ಕೊಮ್ಮೆ ಸಾಕು. ಈ ಸಣ್ಣ ಸಂಜೆಗಳನ್ನು ಮೊದಲ ಮತ್ತು ಎರಡನೇ ಸಂಕಲನಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಅರ್ಧವಾರ್ಷಿಕ ಮತ್ತು ವಾರ್ಷಿಕ ಪರೀಕ್ಷೆಗೆ, ಒಂದು ತಿಂಗಳು ಮೊದಲು ಇಡಬೇಕು. ಪರೀಕ್ಷೆ ಮುಗಿದ ಮೇಲೆ ಅಂಕ ತೋರಿಸಿದರೆ ತಾಯಿ ಮಾಡಬಹುದಾದದ್ದು ಮಗುವನ್ನು ಬೈಯುವುದೊಂದೇ.

ಏಳು ನಿಮಿಷದಲ್ಲಿ ಏನು ತೋರಿಸಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಂಕಪಟ್ಟಿ ಬೇಡ, ನೋಟ್‌ಬುಕ್ ಬೇಕು. ‘ಲೆಕ್ಕದಲ್ಲಿ ಸ್ವಲ್ಪ ಹಿಂದೆ’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. 52ರಲ್ಲಿ 27 ಕಳೆದು ಮಗು 35 ಎಂದು ಬರೆದಿದ್ದರೆ, ಅದು ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿದೆ. ಮೇಲಿದ್ದರೂ ಕೆಳಗಿದ್ದರೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದೆ, ಹತ್ತರ ಕಟ್ಟನ್ನು ಬಿಚ್ಚುವುದು ಅದಕ್ಕೆ ಹೊಳೆದಿಲ್ಲ. ಇದನ್ನು ತಾಯಿಗೆ ತೋರಿಸಿ, ಬೆಂಕಿಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಬಿಡಿ ಎರಡು ಇಟ್ಟು, 27 ತೆಗೆಯಲು ಹೇಳಿ ಎಂದರೆ ಅಕ್ಷರ ಬಾರದ ತಾಯಿಯೂ ಮನೆಯಲ್ಲಿ ಮಾಡಿಸಬಲ್ಲಳು. ಸಂತೆಯಲ್ಲಿ ಚಿಲ್ಲರೆ ಎಣಿಸುವವಳಿಗೆ ಇದು ಹೊಸದಲ್ಲ. ಹಾಗೆಯೇ ಕನ್ನಡ ಓದಿನಲ್ಲಿ ಮಗು ‘ಅಕ್ಕ’ವನ್ನು ‘ಅಕ’ ಎಂದು ಓದುತ್ತಿದ್ದರೆ ತೊಡಕಿರುವುದು ಒತ್ತಕ್ಷರದಲ್ಲಿ. ಅಕ್ಕ, ಅಪ್ಪ, ಬೆಲ್ಲ, ಹಳ್ಳಿ, ಬಟ್ಟೆ ಎಂದು ಮನೆಮಾತಿನ ಹತ್ತು ಪದ ಬರೆದುಕೊಟ್ಟು ದಿನಾ ಓದಿಸಿ ಎಂದರೆ ಎರಡು ವಾರದಲ್ಲಿ ವ್ಯತ್ಯಾಸ ಕೇಳಿಸುತ್ತದೆ.

ನಲಿ-ಕಲಿ ತರಗತಿಗಳ ವಿಷಯವನ್ನು ಬೇರೆಯಾಗಿ ಹೇಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಪೋಷಕರ ದೂರು ಯಾವಾಗಲೂ ಒಂದೇ: ‘ಪಾಠವೇ ಮಾಡುವುದಿಲ್ಲ, ಬರೀ ಆಟ.’ ಗೋಡೆಯ ಮೇಲಿನ ಕಲಿಕಾ ಏಣಿಯ ಮುಂದೆ ತಾಯಿಯನ್ನು ನಿಲ್ಲಿಸಿ, ‘ನಿಮ್ಮ ಮಗ ಜೂನ್‌ನಲ್ಲಿ ಈ ಮೆಟ್ಟಿಲಲ್ಲಿದ್ದ, ಈಗ ಇಲ್ಲಿದ್ದಾನೆ’ ಎಂದು ಬೆರಳಿಟ್ಟು ತೋರಿಸಿದರೆ ಆ ದೂರು ಅಲ್ಲಿಗೇ ಮುಗಿಯುತ್ತದೆ. ತೋರಿಸದ ಶಾಲೆಯಿಂದ ಮಕ್ಕಳು ಎರಡನೇ ತರಗತಿಗೇ ಕಾನ್ವೆಂಟ್ ವ್ಯಾನ್ ಹತ್ತುತ್ತಾರೆ.

ಹಾಗೆ ಮಕ್ಕಳು ಹೋದರೆ ಹಣವೂ ಹೋಗುತ್ತದೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಿಂದ ಶಾಲೆಗೆ ಬರುವ ಸಂಯುಕ್ತ ಅನುದಾನ ದಾಖಲಾತಿಯನ್ನು ಅವಲಂಬಿಸಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 30 ದಾಟಿದರೆ 100ರವರೆಗೆ 25,000, ಆಮೇಲೆ 250ರವರೆಗೆ 50,000, 1,000ದವರೆಗೆ 75,000, ಅದರ ಮೇಲೆ ಒಂದು ಲಕ್ಷ. 29 ಮಕ್ಕಳ ಶಾಲೆಗೆ 10,000 ಬಂದರೆ 31 ಮಕ್ಕಳ ಶಾಲೆಗೆ 25,000. ಎರಡು ಮಕ್ಕಳ ದಾಖಲಾತಿಯ ಬೆಲೆ ಇಲ್ಲಿ ವರ್ಷಕ್ಕೆ ಹದಿನೈದು ಸಾವಿರ. ಜೂನ್ ತಿಂಗಳ ದಾಖಲಾತಿ ಆಂದೋಲನಕ್ಕೆ ಶಿಕ್ಷಕರನ್ನು ಮನೆಮನೆ ಅಲೆಸುವ ಬದಲು ಸಮಿತಿಯ ಸದಸ್ಯರೇ ಬೀದಿ ಹಂಚಿಕೊಂಡು ಹೋಗಬೇಕು ಎನ್ನುವುದು ಇದಕ್ಕೇ. ನೆರೆಮನೆಯವಳ ಮಾತಿಗೆ ಇರುವ ತೂಕ ಮೇಷ್ಟ್ರ ಮಾತಿಗೂ ಇರುವುದಿಲ್ಲ.

ಈ ಹಣದಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೆ ಹೋಗಬೇಕು. 90 ಮಕ್ಕಳಿರುವ ಶಾಲೆಗೆ 25,000 ಎಂದರೆ ಮಗುವಿಗೆ ವರ್ಷಕ್ಕೆ ಸುಮಾರು 278 ರೂಪಾಯಿ. ಅದರಲ್ಲಿ 2,500 ಸೋಪು, ಫಿನಾಯಿಲ್, ಪೊರಕೆ, ಬಕೆಟ್ಟಿಗೆ; ಉಳಿದ 22,500ರಲ್ಲಿ ಸೀಮೆಸುಣ್ಣ, ದಾಖಲೆ ಪುಸ್ತಕಗಳು, ಪ್ರಯೋಗ ಸಾಮಗ್ರಿ, ಬಾಗಿಲಿನ ಚಿಲಕ, ನಲ್ಲಿ, ಸಣ್ಣ ರಿಪೇರಿ. ಹಿಂದೆ ವಿದ್ಯುತ್ ಬಿಲ್ಲು ಇದರಲ್ಲಿ ದೊಡ್ಡ ತುತ್ತು ತಿನ್ನುತ್ತಿತ್ತು. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು, ನೀರು ಎಂದು 2023ರ ರಾಜ್ಯೋತ್ಸವದಂದು ಸರ್ಕಾರ ಘೋಷಿಸಿದ ಮೇಲೆ ಆ ಬಾಬತ್ತು ಯಾರ ತಲೆಯ ಮೇಲಿದೆ ಎಂದು ಪ್ರತಿ ಸಮಿತಿಯೂ ನೋಡಿಕೊಳ್ಳಬೇಕು.

ಹಣದ ವಿಷಯದಲ್ಲಿ ಕೆಡುವುದು ಕಳ್ಳತನದಿಂದಲೇ ಅಲ್ಲ, ಹೆಚ್ಚಾಗಿ ಅವಸರದಿಂದ. ಅನುದಾನ ತಡವಾಗಿ ಬರುತ್ತದೆ. 2021ರಿಂದ ಸಮಗ್ರ ಶಿಕ್ಷಣದ ಹಣ ಏಕ ನೋಡಲ್ ಖಾತೆಯ ವ್ಯವಸ್ಥೆಗೆ ಬಂದಿರುವುದರಿಂದ ಶಾಲೆಯ ಖಾತೆಯಲ್ಲಿ ಹಣ ಕೂಡಿಟ್ಟುಕೊಳ್ಳಲು ಆಗುವುದಿಲ್ಲ, ಖರ್ಚಿನ ಮಿತಿಯಷ್ಟೇ ಇರುತ್ತದೆ. ಹೀಗಾಗಿ ವರ್ಷದ ಕೊನೆಗೆ ಸಿಕ್ಕಿದ್ದನ್ನು ಕೊಳ್ಳುವ ಧಾವಂತ. ಇದನ್ನು ತಪ್ಪಿಸಲು ಜುಲೈನಲ್ಲೇ ಸಭೆ ಮಾಡಿ, ಬೇಕಾದ ವಸ್ತುಗಳ ಪಟ್ಟಿಯನ್ನು ಮುಖ್ಯತೆಯ ಕ್ರಮದಲ್ಲಿ ಬರೆದು, ಅಂದಾಜು ಬೆಲೆ ಹಾಕಿ, ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿಡಬೇಕು. ಹಣ ಬಂದ ದಿನ ಚರ್ಚೆ ಬೇಡ, ಪಟ್ಟಿಯ ಮೇಲಿನಿಂದ ಕೊಳ್ಳುತ್ತಾ ಹೋಗುವುದು. ಪ್ರತಿ ಬಿಲ್ಲಿಗೂ ಅಂದೇ ವೋಚರ್ ನಂಬರ್, ನಗದು ಪುಸ್ತಕದಲ್ಲಿ ಅಂದೇ ನಮೂದು, ವಸ್ತು ದಾಸ್ತಾನು ವಹಿಗೆ ಏರಿದ ಮೇಲಷ್ಟೇ ಪಾವತಿ. ಸಹಿ ಮಾಡಿದ ಖಾಲಿ ಚೆಕ್ಕನ್ನು ಅಧ್ಯಕ್ಷರು ಮುಖ್ಯ ಶಿಕ್ಷಕರ ಬಳಿ ಬಿಟ್ಟುಹೋಗುವ ರೂಢಿ ಎಷ್ಟೋ ಕಡೆ ಇದೆ. ನಂಬಿಕೆಯಿಂದಲೇ ಮಾಡುತ್ತಾರೆ. ಮುಂದೊಂದು ದಿನ ಲೆಕ್ಕ ತಪ್ಪಿದರೆ ಸಿಕ್ಕಿಬೀಳುವವರು ಆ ಮುಖ್ಯ ಶಿಕ್ಷಕರೇ. ಅವರ ಮಾನ ಕಾಯುವ ಕೆಲಸವೆಂದೇ ತಿಳಿದು ಈ ರೂಢಿ ನಿಲ್ಲಿಸಬೇಕು.

ದೇಣಿಗೆಯ ಬಗ್ಗೆ ಎರಡು ಮಾತು ಸಾಕು. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ವಿರೋಧ ಬಂದು, ಕೆಲವೇ ದಿನಗಳಲ್ಲಿ ವಾಪಸಾಯಿತು. ವಾಪಸಾದದ್ದು ಸರಿ. ಸ್ವಯಂಪ್ರೇರಿತ ಎಂಬ ಮಾತಿಗೆ ಬಡವರ ಮನೆಯ ಮುಂದೆ ಅರ್ಥ ಉಳಿಯುವುದಿಲ್ಲ. ಯಾರಾದರೂ ಕೊಟ್ಟರೆ ರಸೀದಿ, ಖಾತೆಗೆ ಜಮಾ, ಫಲಕದಲ್ಲಿ ಲೆಕ್ಕ; ಟಿ.ಸಿ.ಗೋ ಅಂಕಪಟ್ಟಿಗೋ ಅದನ್ನು ಯಾವತ್ತೂ ತಳುಕು ಹಾಕಕೂಡದು.

ಶಿಕ್ಷಕರ ಆಸರೆಯ ಮಾತಿಗೆ ಬಂದರೆ, ಒಂದೂವರೆ ಅಂಕದ ಬೇರು ಸಮಿತಿಯ ಹೆಸರಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ‘ಮೇಲುಸ್ತುವಾರಿ’ ಎಂಬ ಪದವನ್ನು ಹಿಡಿದುಕೊಂಡು ಮೇಷ್ಟ್ರು ಎಷ್ಟು ಹೊತ್ತಿಗೆ ಬಂದರು, ಮೇಡಂ ಎಷ್ಟು ಹೊತ್ತಿಗೆ ಹೋದರು ಎಂದು ಗೇಟಿನಲ್ಲಿ ನಿಂತು ನೋಡುವುದೇ ಕೆಲಸವೆಂದುಕೊಂಡ ಸಮಿತಿಗಳು ಹೆಚ್ಚು. ಹಾಜರಾತಿ ನೋಡಬೇಕು, ಅದು ಸಮಿತಿಯ ಹಕ್ಕು. ಆದರೆ ಇಬ್ಬರೇ ಶಿಕ್ಷಕರಿರುವ ಐದು ತರಗತಿಗಳ ಶಾಲೆಯಲ್ಲಿ ಒಬ್ಬರು ತರಬೇತಿಗೆ, ಇನ್ನೊಬ್ಬರು ತಾಲ್ಲೂಕಿನ ಸಭೆಗೆ ಹೋದರೆ ಆ ದಿನ ಪಾಠ ನಿಂತದ್ದಕ್ಕೆ ಮೇಷ್ಟ್ರು ಕಾರಣರಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧನೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎಂದು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಈ ಕಲಮನ್ನು ಉಲ್ಲೇಖಿಸಿ ಬಿಇಒಗೆ ಪತ್ರ ಬರೆಯುವ ಧೈರ್ಯ ಶಿಕ್ಷಕರಿಗೆ ಇರುವುದಿಲ್ಲ, ಅವರು ನೌಕರರು. ಸಮಿತಿಗೆ ಆ ಭಯವಿಲ್ಲ. ತಿಂಗಳಲ್ಲಿ ಯಾವ ಯಾವ ದಿನ ಯಾವ ಕೆಲಸಕ್ಕೆ ಶಿಕ್ಷಕರು ಹೊರಗೆ ಹೋದರು ಎಂದು ಒಂದು ಪುಟದಲ್ಲಿ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಠರಾವಿನೊಂದಿಗೆ ಕಳಿಸಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಪಕ್ಕದ ಶಾಲೆಯಿಂದ ನಿಯೋಜನೆ, ಅತಿಥಿ ಶಿಕ್ಷಕರು, ಎರಡರಲ್ಲಿ ಒಂದನ್ನಾದರೂ ಕೇಳಲು ಆ ಪುಟವೇ ಆಧಾರ.

ಶಾಲೆಯೊಳಗೆ ಪೋಷಕರು ಹೊರಬಹುದಾದ ಹೊರೆ ಯಾವುದು, ಹೊರಬಾರದ್ದು ಯಾವುದು ಎಂಬ ಗೆರೆ ಸ್ಪಷ್ಟವಾಗಿರಬೇಕು. ಬಿಸಿಯೂಟ ಹೊರಬಹುದಾದದ್ದರಲ್ಲಿ ಮೊದಲನೆಯದು. ಅಡುಗೆಯವರು ಅಡುಗೆ ಮಾಡುತ್ತಾರೆ, ಆದರೆ ಅಳತೆ, ರುಚಿ, ಬಡಿಸುವ ಸಾಲು ನೋಡುವುದರಲ್ಲಿ ಒಬ್ಬ ಶಿಕ್ಷಕರ ಮುಕ್ಕಾಲು ಗಂಟೆ ಹೋಗುತ್ತದೆ. ದಿನಕ್ಕಿಬ್ಬರು ತಾಯಂದಿರ ಪಾಳಿ ಹಾಕಿದರೆ 60 ಮಕ್ಕಳ ಶಾಲೆಯಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ತಿಂಗಳಿಗೊಂದೇ ಸಲ ಬರುತ್ತದೆ. ಪಾಳಿಯವರಿಗೆ ಅಳತೆ ಗೊತ್ತಿರಬೇಕು: ಐದನೇ ತರಗತಿಯವರೆಗಿನ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 60 ಮಕ್ಕಳು ಬಂದ ದಿನ ಅಕ್ಕಿ 6 ಕಿಲೋ, ಬೇಳೆ 1 ಕಿಲೋ 200 ಗ್ರಾಂ, ತರಕಾರಿ 3 ಕಿಲೋ, ಎಣ್ಣೆ 300 ಗ್ರಾಂ. ಆರರಿಂದ ಮೇಲಿನವರಿಗೆ ಇದರ ಒಂದೂವರೆ ಪಟ್ಟು. ಸಾಂಬಾರು ನೀರಾಗಿದ್ದರೆ ಮೊದಲು ನೋಡಬೇಕಾದದ್ದು ಬೇಳೆಯ ತೂಕ. ಅಡುಗೆಯವರನ್ನು ಬೈಯುವ ಮೊದಲು ದಾಸ್ತಾನಿನಲ್ಲಿ ಬೇಳೆ ಇದೆಯೇ ಎಂದು ನೋಡಬೇಕು, ಎಷ್ಟೋ ಸಲ ಸರಬರಾಜೇ ಬಂದಿರುವುದಿಲ್ಲ. ಬಡಿಸುವ ಮುನ್ನ ರುಚಿ ನೋಡಿ, ರುಚಿ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದು ವರ್ಷವಿಡೀ ಬರೆಯುವ ಬದಲು ಉಪ್ಪು, ಬೇಯುವಿಕೆ, ಕಲ್ಲು ಇದ್ದದ್ದನ್ನು ಬರೆಯಬೇಕು.

ಎರಡನೆಯದು ಗೈರಾದ ಮಕ್ಕಳು. ಬೆಳಗಿನ ಹಾಜರಿ ಆದ ಕೂಡಲೇ ಬಾರದವರ ಹೆಸರುಗಳನ್ನು ಆಯಾ ಬೀದಿಯ ಸದಸ್ಯರಿಗೆ ಫೋನಿನಲ್ಲಿ ತಿಳಿಸಿದರೆ ಹನ್ನೊಂದರೊಳಗೆ ಕಾರಣ ಗೊತ್ತಾಗುತ್ತದೆ. ಮೂರು ದಿನ ಸತತ ಬಾರದಿದ್ದರೆ ಮನೆಗೆ ಹೋಗುವುದು. ತಂಗಿಯನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿದಿದ್ದರೆ ತಂಗಿಯನ್ನು ಅಂಗನವಾಡಿಗೆ ಸೇರಿಸುವ ಮಾತಾಡಬೇಕು, ಬರೀ ‘ಕಳಿಸಿ’ ಎಂದರೆ ಆಗದು. ಇನ್ನು ರಸ್ತೆ ದಾಟಿಸುವುದು, ಶನಿವಾರ ಗ್ರಂಥಾಲಯದ ಪುಸ್ತಕ ಹಂಚಿ ವಾಪಸ್ ಪಡೆಯುವುದು, ಕೈತೋಟ, ನೀರಿನ ತೊಟ್ಟಿ ತೊಳೆಸುವುದು, ಪಂಚಾಯಿತಿಗೆ ಅಲೆಯುವುದು. ಶೌಚಾಲಯದ ನೀರು, ಕಾಂಪೌಂಡು, ಅಂಗಳದಲ್ಲಿ ನಿಲ್ಲುವ ಮಳೆನೀರು ಇವನ್ನು ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಲ್ಲೇ ಹೇಳಿಸಿ, ನಡಾವಳಿಯಲ್ಲಿ ಬರೆಸಿ, ಅದರ ನಕಲು ತೆಗೆದುಕೊಳ್ಳಬೇಕು. ನಕಲು ಕೈಯಲ್ಲಿಲ್ಲದ ಬೇಡಿಕೆ ಮರುವರ್ಷ ಮೊದಲಿನಿಂದ ಶುರುವಾಗುತ್ತದೆ.

ಹೊರಬಾರದ್ದೂ ಇದೆ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಲಾಗಿನ್ ಯಾವ ಪೋಷಕರ ಕೈಗೂ ಹೋಗಬಾರದು, ಎಷ್ಟೇ ಕಂಪ್ಯೂಟರ್ ಬಲ್ಲವರಾದರೂ; ಅದರಲ್ಲಿ ಊರಿನ ಎಲ್ಲ ಮನೆಗಳ ಜಾತಿ, ಆಧಾರ್, ಬ್ಯಾಂಕ್ ಮಾಹಿತಿಯ ಎಳೆಗಳಿವೆ. ಶಿಕ್ಷೆಯ ವಿಷಯವೂ ಹಾಗೆ. ‘ನಾಲ್ಕು ಬಾರಿಸಿ ಮೇಷ್ಟ್ರೇ, ನಾವೇನೂ ಕೇಳಲ್ಲ’ ಎಂದು ಪ್ರೀತಿಯಿಂದಲೇ ಹೇಳುವ ಅಪ್ಪಂದಿರಿದ್ದಾರೆ. 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಡೆದವರ ಮೇಲೆ ಶಿಸ್ತುಕ್ರಮ ಆಗುತ್ತದೆ. ಆ ಅಪ್ಪನ ಮಾತು ಆಗ ಮೇಷ್ಟ್ರ ನೆರವಿಗೆ ಬರುವುದಿಲ್ಲ. ಇದನ್ನು ಶಿಕ್ಷಕರು ಹೇಳಿದರೆ ನೆಪದಂತೆ ಕೇಳಿಸುತ್ತದೆ, ಸಮಿತಿಯವರು ಹೇಳಿದರೆ ಜನ ಒಪ್ಪುತ್ತಾರೆ.

ಶಿಕ್ಷಕರ ಮೇಲಿನ ದೂರನ್ನು ತುಂಬಿದ ಸಭೆಯಲ್ಲಿ ಎತ್ತುವುದೇ ಈ ಸೇವೆಯ ಅತಿ ಕೆಟ್ಟ ರೂಢಿ. ಎಲ್ಲರ ಮುಂದೆ ಅವಮಾನವಾದ ಶಿಕ್ಷಕಿ ಮರುದಿನದಿಂದ ಪಾಠ ಮಾಡುತ್ತಾರೆ, ಮನಸ್ಸು ವರ್ಗಾವಣೆಯ ಅರ್ಜಿಯ ಮೇಲಿರುತ್ತದೆ. ದೂರಿದ್ದವರು ಮೊದಲು ಶಿಕ್ಷಕರೊಂದಿಗೇ ಮಾತಾಡಬೇಕು. ಆಗದಿದ್ದರೆ ಮುಖ್ಯ ಶಿಕ್ಷಕರಿಗೆ ಬರೆದು ಕೊಡಬೇಕು. ಆಮೇಲೆ ಸಮಿತಿ ಬಾಗಿಲು ಹಾಕಿಕೊಂಡು, ಶಿಕ್ಷಕರ ಉತ್ತರವನ್ನೂ ಕೇಳಿ, ಎರಡನ್ನೂ ದಾಖಲಿಸಬೇಕು. ಬಗೆಹರಿಯದಿದ್ದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಆಮೇಲೆ ಬಿಇಒ. 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಸಣ್ಣ ಅನುಮಾನ ಬಂದರೂ ಈ ಯಾವ ಮೆಟ್ಟಿಲೂ ಅನ್ವಯವಾಗುವುದಿಲ್ಲ. ಅಲ್ಲಿ ಪಂಚಾಯಿತಿ ಕೂಡಿಸುವಂತಿಲ್ಲ, ರಾಜಿ ಮಾಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಬರೆದಿದೆಯೇ ಎಂದು ಸಮಿತಿ ನೋಡಬೇಕು. ಹೆಚ್ಚಿನ ಕಡೆ ಅದು ಆಫೀಸು ಕೋಣೆಯೊಳಗೆ ಇರುತ್ತದೆ.

ಹೊಸದಾಗಿ ಆಯ್ಕೆಯಾದ ಸಮಿತಿ ಎಲ್ಲವನ್ನೂ ಒಮ್ಮೆಗೇ ಹಿಡಿಯಹೋದರೆ ಮೂರನೇ ತಿಂಗಳಿಗೆ ಕೋರಂ ಇರುವುದಿಲ್ಲ. ಮೊದಲ ವರ್ಷಕ್ಕೆ ಊಟದ ಪಾಳಿ, ಗೈರು ಮಕ್ಕಳ ಫೋನು, ಏಳು ನಿಮಿಷದ ಸಂಜೆಗಳು ಇಷ್ಟೇ ಸಾಕು. ಊಟದ ಪಾಳಿಯಿಂದ ಮುಕ್ಕಾಲು ಗಂಟೆ, ಗೈರಿನ ಫೋನಿನಿಂದ ಕಾಲು ಗಂಟೆ ಎಂದು ಹಿಡಿದರೂ ದಿನಕ್ಕೆ ಒಂದು ಗಂಟೆ ತರಗತಿಗೆ ವಾಪಸ್ ಬರುತ್ತದೆ. ಪಾಳಿ ಪಟ್ಟಿಯನ್ನು ಜೂನ್ ಮೊದಲ ವಾರದಲ್ಲೇ ಬರೆದು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಬೇಕು. ಸುಗ್ಗಿಯ ತಿಂಗಳುಗಳಲ್ಲಿ ಹೊಲಕ್ಕೆ ಹೋಗದ ಅಜ್ಜಿಯರ ಹೆಸರು ಅದರಲ್ಲಿ ಮೊದಲು ಬರಲಿ.